ಕೊಳಗ ಕಿರಿದಾದರೆ ರಾಶಿ ಹಿರಿದಾದೀತೆ?

ಮೇ ತಿಂಗಳು ಬಂತೆಂದರೆ ನಮ್ಮಲ್ಲಿ ಎರಡು ವಿಷಯಗಳ ಬಗ್ಗೆ ಎಲ್ಲರೂ ಪಂಡಿತರಾಗುತ್ತಾರೆ. ಒಂದು ಮಳೆ, ಇನ್ನೊಂದು ಎಸ್ಸೆಸ್ಸೆಲ್ಸಿ ಫಲಿತಾಂಶ. ಮಳೆ ಕೈಕೊಟ್ಟರೆ ದೇವರನ್ನು ಬೈಯುತ್ತೇವೆ. ಫಲಿತಾಂಶ ಕೈಕೊಟ್ಟರೆ ಮಕ್ಕಳನ್ನು ಬೈಯುತ್ತೇವೆ. ಕೆರೆಯ ಹೂಳು ತೆಗೆಸಬೇಕಾಗಿದ್ದವರು ಎರಡು ಸಲವೂ ಪಾರಾಗಿಬಿಡುತ್ತಾರೆ.

ಬೈಯುವ ಮೊದಲು ಕೆಲವು ಅಂಕಿಗಳನ್ನು ಸಾಲಾಗಿ ಇಟ್ಟು ನೋಡೋಣ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ 2019ರಲ್ಲಿ ಪಾಸಾದವರು ಶೇ 73.70. 2020ರಲ್ಲಿ ಶೇ 71.80. 2021 ಕೊರೊನಾ ವರ್ಷ. ಎರಡೇ ದಿನಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ಮುಗಿಸಿ ಶೇ 99.9 ಮಕ್ಕಳನ್ನು ಪಾಸು ಮಾಡಲಾಯಿತು. ಇಡೀ ರಾಜ್ಯದಲ್ಲಿ ಆ ವರ್ಷ ಫೇಲಾದದ್ದು ಒಬ್ಬರೇ. ಅದೂ ತನ್ನ ಬದಲು ಬೇರೊಬ್ಬರನ್ನು ಪರೀಕ್ಷೆಗೆ ಕೂರಿಸಿದ ತಪ್ಪಿಗೆ! 2022ರಲ್ಲಿ ಶೇ 85.63, 2023ರಲ್ಲಿ ಶೇ 83.89. ಆಮೇಲೆ ಜಾರುಬಂಡೆ. 2024ರಲ್ಲಿ ಶೇ 73.40. 2025ರ ಮೊದಲ ಪರೀಕ್ಷೆಯಲ್ಲಿ, ಶಾಲೆಯಿಂದ ಮೊದಲ ಸಲ ಕುಳಿತ ಮಕ್ಕಳಲ್ಲಿ, ಶೇ 66.14.

ನಾಲ್ಕು ವರ್ಷಗಳಲ್ಲಿ ತೊಂಬತ್ತೊಂಬತ್ತರಿಂದ ಅರವತ್ತಾರಕ್ಕೆ. ಮಕ್ಕಳು ದಡ್ಡರಾದರೇ? ಮೇಷ್ಟ್ರುಗಳು ಸೋಮಾರಿಗಳಾದರೇ? ಮೊಬೈಲ್ ಮನೆ ಹಾಳು ಮಾಡಿತೇ? ಅರಳಿಕಟ್ಟೆಯಿಂದ ಟಿವಿ ಚರ್ಚೆಯವರೆಗೆ ಎಲ್ಲರೂ ಈ ಮೂರರಲ್ಲಿ ಒಂದನ್ನು ಹೇಳಿ ಎದ್ದುಹೋದರು. ನನ್ನ ಉತ್ತರ ಬೇರೆ. ಈ ಇಳಿತದಲ್ಲಿ ಬಹುಪಾಲು ಇಳಿತವೇ ಅಲ್ಲ. ಮೊದಲೇ ತಗ್ಗಾಗಿದ್ದ ನೆಲದ ಮೇಲೆ ಹಾಸಿದ್ದ ಚಾಪೆಯನ್ನು ಯಾರೋ ಎಳೆದರು, ಅಷ್ಟೇ. ಆ ಚಾಪೆಯನ್ನು ಮತ್ತೆ ಹಾಸಲು ಎಷ್ಟು ಕೈಗಳು ಮುಂದೆ ಬಂದವು ಎನ್ನುವುದೇ ಇವತ್ತಿನ ಮಾತು.

*

2024ರ ಮಾರ್ಚ್–ಏಪ್ರಿಲ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಒಂದು ಹೊಸ ಕೆಲಸ ಮಾಡಿತು. ಪರೀಕ್ಷಾ ಕೊಠಡಿಗಳಲ್ಲಿ ಸಿಸಿ ಕ್ಯಾಮೆರಾ ಇಡಿಸಿ, ಒಳಗೆ ನಡೆಯುವುದನ್ನು ದೂರದ ಕಚೇರಿಯಲ್ಲಿ ಕುಳಿತು ಅದೇ ಗಳಿಗೆಯಲ್ಲಿ ನೋಡುವ ಏರ್ಪಾಡು. ಇದಕ್ಕೆ ವೆಬ್‌ಕಾಸ್ಟಿಂಗ್ ಎಂದು ಹೆಸರು.

ಕ್ಯಾಮೆರಾ ಬರುವ ಮೊದಲು ಏನಾಗುತ್ತಿತ್ತು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಕಾಂಪೌಂಡು ಹತ್ತಿ ಚೀಟಿ ಎಸೆಯುವ ಅಣ್ಣಂದಿರ ಫೋಟೊಗಳು ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬಂದಿವೆ. ಫೋಟೊದಲ್ಲಿ ಬಾರದ ನಕಲು ಇನ್ನೂ ನಯವಾದದ್ದು. ಒಂದು ಅಂಕದ ಪ್ರಶ್ನೆಗಳಿಗೆ ಉತ್ತರ ಕಿವಿಯಿಂದ ಕಿವಿಗೆ ಸಾಗುವುದು, ಬುದ್ಧಿವಂತ ಹುಡುಗಿಯ ಹಾಳೆ ಹಿಂದಿನ ಬೆಂಚಿಗೆ ತಾನಾಗಿಯೇ ಕಾಣಿಸುವುದು, ಕೊಠಡಿ ಮೇಲ್ವಿಚಾರಕರಿಗೆ ಸರಿಯಾಗಿ ಆ ಹೊತ್ತಿಗೇ ಕಿಟಕಿಯಾಚೆಯ ಬೇವಿನ ಮರದಲ್ಲಿ ಆಸಕ್ತಿ ಹುಟ್ಟುವುದು. ಎಲ್ಲ ಕೇಂದ್ರಗಳಲ್ಲೂ ಹೀಗೇ ಎಂದರೆ ನೆಟ್ಟಗೆ ಪರೀಕ್ಷೆ ನಡೆಸಿದ ಸಾವಿರಾರು ಮೇಷ್ಟ್ರುಗಳಿಗೆ ಅನ್ಯಾಯವಾದೀತು. ಆದರೆ ಎಲ್ಲೂ ಹೀಗಿರಲಿಲ್ಲ ಎಂದರೆ ಅಂಕಿಗಳೇ ಒಪ್ಪುವುದಿಲ್ಲ.

ಜಿಲ್ಲಾವಾರು ಪಟ್ಟಿಯನ್ನೇ ನೋಡಿ. 2023ರಲ್ಲಿ ಶೇ 96.80 ಪಡೆದು ರಾಜ್ಯಕ್ಕೆ ಮೊದಲಿಗನಾದದ್ದು ಚಿತ್ರದುರ್ಗ. ಅದರ ಹಿಂದೆ ಕೂದಲೆಳೆ ಅಂತರದಲ್ಲಿ ಮಂಡ್ಯ, ಹಾಸನ. ಉಡುಪಿ ಮತ್ತು ದಕ್ಷಿಣ ಕನ್ನಡ ಹದಿನೆಂಟನೆಯ, ಹತ್ತೊಂಬತ್ತನೆಯ ಸ್ಥಾನಗಳಲ್ಲಿದ್ದವು. ಕ್ಯಾಮೆರಾ ಬಂದ 2024ರಲ್ಲಿ ಶೇ 94 ಪಡೆದ ಉಡುಪಿ ಮೊದಲು, ಶೇ 92.12 ಪಡೆದ ದಕ್ಷಿಣ ಕನ್ನಡ ಎರಡನೆಯದು. ಹಿಂದಿನ ವರ್ಷದ ಮೊದಲಿಗ ಇಪ್ಪತ್ತರಾಚೆಗೆ ಜಾರಿತ್ತು. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿ ಅಷ್ಟೊಂದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮಕ್ಕಳು ಅಂಥವರೇ, ಪುಸ್ತಕ ಅದೇ. ಕೊಠಡಿ ಬದಲಾಗಿತ್ತು.

ಇಲ್ಲಿ ಒಂದು ಮಾತು ಕೇಳಬೇಕು. ನಕಲು ನಡೆಯುವುದು ಯಾರ ಲಾಭಕ್ಕೆ? ಹುಡುಗನ ಲಾಭಕ್ಕೆ ಎಂದು ನಾವು ಅಂದುಕೊಂಡಿದ್ದೇವೆ. ಸ್ವಲ್ಪ ಯೋಚಿಸಿ. ಶಾಲೆಯ ಫಲಿತಾಂಶ ಬಿದ್ದರೆ ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳಿ ನೋಟಿಸು. ತಾಲ್ಲೂಕಿನದು ಬಿದ್ದರೆ ಬಿಇಒಗೆ, ಜಿಲ್ಲೆಯದು ಬಿದ್ದರೆ ಡಿಡಿಪಿಐಗೆ. ರಾಜ್ಯದ್ದು ಬಿದ್ದರೆ ಸಚಿವರು ಪತ್ರಿಕಾಗೋಷ್ಠಿಯಲ್ಲಿ ಮುಖ ಸಪ್ಪಗೆ ಮಾಡಿಕೊಳ್ಳಬೇಕು. ಹಾಗಾಗಿ ಕೆಳಗಿನಿಂದ ಮೇಲಿನವರೆಗೆ ಎಲ್ಲರಿಗೂ ಒಂದು ಅಂಕಿ ಬೇಕು. ಆ ಅಂಕಿ ಹುಟ್ಟುವುದು ಹದಿನೈದು ವರ್ಷದ ಮಗುವಿನ ಉತ್ತರಪತ್ರಿಕೆಯಲ್ಲಿ. ಮಗು ಕಲಿತು ಅಂಕಿ ಬಂದರೆ ಬಹಳ ಸಂತೋಷ. ಕಲಿಯದೆ ಬಂದರೂ ಯಾರ ಗಂಟೂ ಹೋಗುವುದಿಲ್ಲ, ಮಗುವಿನದೊಂದನ್ನು ಬಿಟ್ಟು.

‘ಪಾಸಿಂಗ್ ಪ್ಯಾಕೇಜ್’ ಎಂಬ ಮಾತು ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಜನವರಿ ಹೊತ್ತಿಗೆ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ ಕೊಡುವ ಔಷಧ ಅದು. ಭಾರತದ ನಕಾಶೆಯಲ್ಲಿ ಗುರುತಿಸಬೇಕಾದ ನಾಲ್ಕಾರು ಸ್ಥಳ, ವಿಜ್ಞಾನದ ಎರಡು ಮೂರು ಚಿತ್ರ, ಕಂಠಪಾಠಕ್ಕೆ ಒಂದು ಪದ್ಯ, ಗಣಿತದಲ್ಲಿ ಒಂದು ಪ್ರಮೇಯ, ರಜೆ ಕೋರಿ ಬರೆಯುವ ಒಂದು ಪತ್ರ. ಇಷ್ಟನ್ನು ಉರು ಹೊಡೆದರೆ ಗಡಿ ದಾಟಬಹುದು. ಇದನ್ನು ಸಿದ್ಧಮಾಡುವ ಮೇಷ್ಟ್ರನ್ನು ನಾನು ಬೈಯಲಾರೆ. ಒಂಬತ್ತು ವರ್ಷದ ಬಾಕಿಯನ್ನು ಮೂರು ತಿಂಗಳಲ್ಲಿ ತೀರಿಸು ಎಂದು ಅವರಿಗೆ ಹೇಳಲಾಗಿದೆ. ಅವರು ಇನ್ನೇನು ತಾನೇ ಮಾಡಿಯಾರು? ಆದರೆ ನದಿಗಳ ಬಗ್ಗೆ ಏನೂ ತಿಳಿಯದ ಹುಡುಗ ನಕಾಶೆಯಲ್ಲಿ ನರ್ಮದೆಯನ್ನು ಸರಿಯಾಗಿ ಗೆರೆ ಎಳೆದು ತೋರಿಸುತ್ತಾನಲ್ಲ, ಅವನನ್ನು ನೋಡಿದರೆ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗುತ್ತದೆ.

*

ಕ್ಯಾಮೆರಾ ನಕಲನ್ನು ತಡೆಯಿತು. ಅದರ ಕಣ್ಣಿಗೆ ಬಿದ್ದ ಸತ್ಯವನ್ನು ನುಂಗಿಕೊಳ್ಳುವ ಎದೆ ಮಾತ್ರ ಯಾರಿಗೂ ಇರಲಿಲ್ಲ.

2024ರ ಮೌಲ್ಯಮಾಪನ ಮುಗಿದಾಗ ಫಲಿತಾಂಶ ಐವತ್ತರ ಆಸುಪಾಸಿಗೆ ಬಂದು ನಿಂತಿತ್ತು. ಸುಮಾರು 8.6 ಲಕ್ಷ ಮಕ್ಕಳು ಬರೆದ ಪರೀಕ್ಷೆ. ಅರ್ಧಕ್ಕರ್ಧ ಫೇಲು ಎಂದು ಘೋಷಿಸುವುದು ಹೇಗೆ? ಆಗ ಕಪಾಟಿನಿಂದ ಹೊರಬಂದದ್ದು ಕೃಪಾಂಕ. ಅದುವರೆಗೆ ಇದ್ದ ಶೇ 10ರ ಕೃಪಾಂಕವನ್ನು ಶೇ 20ಕ್ಕೆ ಏರಿಸಿದರು. ಕೃಪಾಂಕ ಪಡೆಯಲು ಒಟ್ಟಾರೆ ಶೇ 35 ಅಂಕ ಗಳಿಸಿರಬೇಕು ಎಂದಿದ್ದ ನಿಯಮವನ್ನು ಶೇ 25ಕ್ಕೆ ಇಳಿಸಿದರು. ಶೇ 73.40 ಎಂಬ ಅಂಕಿ ತಯಾರಾದದ್ದು ಹೀಗೆ.

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವ ಕೊಳಗವಿತ್ತು. ಈಗಿನ ಮಕ್ಕಳು ಅದನ್ನು ನೋಡಿರಲಾರರು. ಬೆಳೆ ಕಡಿಮೆ ಬಂದ ವರ್ಷ ಯಾವನಾದರೂ ಜಾಣ ರೈತ ದೊಡ್ಡ ಕೊಳಗವನ್ನು ಮನೆಯಲ್ಲಿಟ್ಟು ಸಣ್ಣ ಕೊಳಗ ತಂದು ಅಳೆದನೆನ್ನಿ. ಕಳೆದ ವರ್ಷ ಐವತ್ತು ಕೊಳಗ ಬಂದದ್ದು ಈ ವರ್ಷ ಎಪ್ಪತ್ತು ಆಯಿತು ಎಂದು ಊರೆಲ್ಲ ಸಾರಬಹುದು. ಆದರೆ ಮಳೆಗಾಲದಲ್ಲಿ ಅವನ ಹೆಂಡತಿ ಕಣಜದೊಳಗೆ ಕೈ ಹಾಕಿದಾಗ ತಳ ಸಿಗುತ್ತದೆ. ಕೊಳಗ ಕಿರಿದು ಮಾಡಿದರೆ ಲೆಕ್ಕ ಹಿಗ್ಗುತ್ತದೆ, ಕಾಳು ಹಿಗ್ಗುವುದಿಲ್ಲ.

ಕ್ಯಾಮೆರಾ ಇಟ್ಟ ಮೊದಲ ವರ್ಷ, ಮಕ್ಕಳು ಹೆದರಿದ್ದರು, ಹಾಗಾಗಿ ಆಸರೆ ಕೊಟ್ಟೆವು ಎಂಬ ಸಮಜಾಯಿಷಿ ಬಂತು. ಅದರಲ್ಲಿ ಒಂದಿಷ್ಟು ಹುರುಳಿದೆ ಎಂದೇ ಇಟ್ಟುಕೊಳ್ಳೋಣ. ಆದರೆ ಆ ಆಸರೆಯ ಬೆಲೆಯನ್ನು ಯಾರು ತೆತ್ತರು? ಕೃಪಾಂಕದಿಂದ ಪಾಸಾದ ಹುಡುಗ ಜೂನ್‌ನಲ್ಲಿ ಪಿಯುಸಿಗೆ ಸೇರಿದ. ಅಂಕಪಟ್ಟಿ ಕಾಲೇಜಿನ ಬಾಗಿಲನ್ನೇನೋ ತೆರೆಯಿತು. ಒಳಗೆ ಕುಳಿತ ಮೇಲೆ ಕರಿಹಲಗೆಯ ಮೇಲಿನ ಲೆಕ್ಕ ಅರ್ಥವಾಗುವಂತೆ ಮಾಡುವ ಕೃಪೆ ಯಾವ ಮಂಡಲಿಯ ಕೈಯಲ್ಲೂ ಇಲ್ಲ. ಅವನು ಅಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಎರಡು ವರ್ಷದ ಫೀಸು, ಬಸ್ ಪಾಸು, ಟ್ಯೂಷನ್ನು ಎಲ್ಲ ಮುಗಿದ ಮೇಲೆ ಅವನಿಗೂ ಅವನ ಅಪ್ಪನಿಗೂ ಒಟ್ಟಿಗೆ ಗೊತ್ತಾಗುತ್ತದೆ, ತಳ ಸಿಕ್ಕಿತೆಂದು.

2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟರು. ಫಲಿತಾಂಶ ಇಳಿಯಿತು. ಇದನ್ನು ಎಲ್ಲರೂ ‘ಕುಸಿತ’ ಎಂದು ಕರೆದರು. ನಾನಾದರೆ ‘ಚೇತರಿಕೆ’ ಎನ್ನುತ್ತೇನೆ. ಕೃಪೆಯಿಲ್ಲದೆ ಐವತ್ತರ ಸುತ್ತ ಇದ್ದದ್ದು ಒಂದೇ ವರ್ಷದಲ್ಲಿ ಅರವತ್ತರ ಮೇಲೆ ಬಂತು. ನಕಲು ನಡೆಯುವುದಿಲ್ಲ ಎಂದು ಗೊತ್ತಾದಾಗ ಮಕ್ಕಳು ಓದಿದರು, ಮೇಷ್ಟ್ರುಗಳು ಓದಿಸಿದರು. ನಮ್ಮ ಮಕ್ಕಳು ದಡ್ಡರಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಈ ಸಾಕ್ಷಿಯನ್ನು ಮೆಚ್ಚಿ ಬೆನ್ನು ತಟ್ಟಿದವರು ವಿರಳ. 73ರಿಂದ 66ಕ್ಕೆ ಬಂತಲ್ಲ ಎಂದು ಹಣೆ ಚಚ್ಚಿಕೊಂಡವರೇ ಹೆಚ್ಚು. ಸುಳ್ಳು ಅಂಕಿಯ ಕೇಡು ಇದೇ. ಆಮೇಲೆ ಬರುವ ನಿಜವಾದ ಅಂಕಿ ಅದರ ಮುಂದೆ ಬಡವಾಗಿ ಕಾಣುತ್ತದೆ.

ಅಲ್ಲಿಗೆ ಕಥೆ ಮುಗಿಯಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಇನ್ನೊಂದು ತೀರ್ಮಾನ ಪ್ರಕಟಿಸಿದರು. 2025–26ನೇ ಸಾಲಿನಿಂದ ಪಾಸಾಗಲು ಶೇ 35ರ ಬದಲು ಒಟ್ಟಾರೆ ಶೇ 33 ಸಾಕು. ಅಂದರೆ 625ಕ್ಕೆ 206. ಪ್ರತಿ ವಿಷಯದಲ್ಲಿ ಆಂತರಿಕ ಮೌಲ್ಯಮಾಪನದ ಅಂಕವೂ ಸೇರಿ ಕನಿಷ್ಠ 30 ಇರಬೇಕು. ಸಿಬಿಎಸ್‌ಇಯಲ್ಲೂ 33 ಇದೆಯಲ್ಲ, ನಮ್ಮ ಮಕ್ಕಳಿಗೇಕೆ ಹೆಚ್ಚಿನ ಹೊರೆ ಎಂಬುದು ವಾದ. ಈ ವಾದ ಪೂರ್ತಿ ತಪ್ಪಲ್ಲ. ಮೂವತ್ತೈದು ದೇವರು ಬರೆದ ಅಂಕಿಯೇನೂ ಅಲ್ಲ. ಪಕ್ಕದ ಶಾಲೆಯ ಹುಡುಗ ಮೂವತ್ಮೂರಕ್ಕೆ ಪಾಸು, ನಮ್ಮವನು ಮೂವತ್ನಾಲ್ಕಕ್ಕೆ ಫೇಲು ಎಂದರೆ ಅನ್ಯಾಯವೇ.

ಆದರೆ ಪಾಲಕರು ಒಂದು ಲೆಕ್ಕ ಹಾಕಿ ನೋಡಬೇಕು. ಪ್ರಥಮ ಭಾಷೆ ಬಿಟ್ಟರೆ ಉಳಿದ ವಿಷಯಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ ಇಪ್ಪತ್ತನ್ನು ಹಾಕುವುದು ಶಾಲೆಯೇ. ನೋಟಿಸಿಗೆ ಹೆದರುವ ಶಾಲೆ ಇಪ್ಪತ್ತಕ್ಕೆ ಇಪ್ಪತ್ತನ್ನೂ ಧಾರಾಳವಾಗಿ ಹಾಕಿಬಿಟ್ಟರೆ, ಮೂವತ್ತರ ಗಡಿ ಮುಟ್ಟಲು ಆ ವಿಷಯದ ಲಿಖಿತ ಪರೀಕ್ಷೆಯಲ್ಲಿ ಎಷ್ಟು ಉಳಿಯಿತು? ಒಟ್ಟು 206ರ ಷರತ್ತು ಇದೆ, ನಿಜ. ಆದರೂ ಕ್ಯಾಮೆರಾ ಇರುವುದು ಪರೀಕ್ಷಾ ಕೊಠಡಿಯಲ್ಲಿ. ಆಂತರಿಕ ಅಂಕ ಹಾಕುವ ಸ್ಟಾಫ್ ರೂಮಿನಲ್ಲಿ ಕ್ಯಾಮೆರಾ ಇಲ್ಲ.

*

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಬಡವರ ಮಕ್ಕಳನ್ನು ಫೇಲು ಮಾಡಿ ಮನೆಗೆ ಕಳಿಸಬೇಕೇನಯ್ಯಾ?’ ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಈ ಪ್ರಶ್ನೆ ನನ್ನನ್ನೂ ಕಾಡಿದೆ.

ಹತ್ತನೆಯ ತರಗತಿಯ ಫೇಲು ಎಂಬುದು ನಗರದ ಅನುಕೂಲಸ್ಥರ ಮನೆಯಲ್ಲಿ ಒಂದು ತಿಂಗಳ ಬೇಸರ. ಟ್ಯೂಷನ್ ಹಾಕಿಸುತ್ತಾರೆ, ಮತ್ತೆ ಕಟ್ಟಿಸುತ್ತಾರೆ. ಹಳ್ಳಿಯ ಕೂಲಿಕಾರರ ಮನೆಯಲ್ಲಿ ಅದೇ ಫೇಲು ಒಂದು ತೀರ್ಪು. ಹುಡುಗ ಗ್ಯಾರೇಜಿಗೋ ಬಾರ್ ಬೆಂಡಿಂಗ್ ಕೆಲಸಕ್ಕೋ ಹೋಗುತ್ತಾನೆ. ಹುಡುಗಿಯ ವಿಷಯದಲ್ಲಿ ಅಪ್ಪ ಅಮ್ಮ ಗಂಡು ಹುಡುಕಲು ಶುರುಮಾಡುತ್ತಾರೆ. ‘ಓದು ಹತ್ತಲಿಲ್ಲ’ ಎಂಬ ಎರಡು ಪದಗಳಲ್ಲಿ ಒಂದು ಬಾಳು ತಿರುಗಿಹೋಗುತ್ತದೆ. ಹಾಗಾಗಿ ಫೇಲಾದವರು ಹಾಳಾಗಿ ಹೋಗಲಿ ಎನ್ನುವ ಗಟ್ಟಿ ಎದೆಯವರ ಪಕ್ಷ ನನ್ನದಲ್ಲ.

ಅದಕ್ಕೇ 2023–24ರಿಂದ ಬಂದ ಮೂರು ಪರೀಕ್ಷೆಗಳ ಪದ್ಧತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಹಳೆಯ ಪೂರಕ ಪರೀಕ್ಷೆಯ ಬದಲು ಪರೀಕ್ಷೆ 1, 2, 3. ಒಂದರಲ್ಲಿ ಎಡವಿದರೆ ಇನ್ನೊಂದು, ಅದರಲ್ಲೂ ಎಡವಿದರೆ ಮತ್ತೊಂದು. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಕೃಪಾಂಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಕೃಪಾಂಕ ಮಗುವಿಗೆ ‘ನಿನಗೆ ಬರುವುದಿಲ್ಲ, ಆದರೂ ಹೋಗು’ ಎನ್ನುತ್ತದೆ. ಎರಡನೆಯ ಪರೀಕ್ಷೆ ‘ನಿನಗೆ ಬರುತ್ತದೆ, ಇನ್ನೊಮ್ಮೆ ಬಾ’ ಎನ್ನುತ್ತದೆ. ಒಂದು ದಾನ, ಇನ್ನೊಂದು ಅವಕಾಶ. ಮಕ್ಕಳಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ತಿಳಿಯುತ್ತದೆ. ಕೃಪೆಯಿಂದ ಪಾಸಾದೆ ಎಂದು ಯಾವ ಮಗುವೂ ಓಣಿಯಲ್ಲಿ ಪೇಡೆ ಹಂಚುವುದಿಲ್ಲ.

ಆದರೆ ಅವಕಾಶ ಹಾಳೆಯ ಮೇಲೆ ಇದ್ದರೆ ಸಾಲದು. ಮೇ ತಿಂಗಳಲ್ಲಿ ಫೇಲಾದ ಹುಡುಗಿಗೆ ಮುಂದಿನ ಪರೀಕ್ಷೆಯ ಮೊದಲು ಪಾಠ ಹೇಳುವವರು ಬೇಕು, ಶಾಲೆಗೆ ಬರಲು ಬಸ್ಸು ಬೇಕು, ಹೋಗು ಎನ್ನುವ ಅಪ್ಪ ಬೇಕು. ಕೃಪಾಂಕಕ್ಕೆ ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ, ಇದಕ್ಕೆ ಖರ್ಚಿದೆ. ಯಾವುದು ಸುಲಭವಾಗಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದರ ಗುಟ್ಟು ಅಲ್ಲಿದೆ.

*

ಈಗ ಹೂಳಿನ ವಿಷಯ. 2025ರ ಫಲಿತಾಂಶದಲ್ಲಿ ಮೊದಲ ಸ್ಥಾನ ದಕ್ಷಿಣ ಕನ್ನಡಕ್ಕೆ, ಶೇ 91.12. ಕೊನೆಯ ಸ್ಥಾನ ಕಲಬುರಗಿಗೆ, ಶೇ 42.43. ಹಿಂದಿನ ವರ್ಷ ಕೊನೆಯಲ್ಲಿದ್ದದ್ದು ಯಾದಗಿರಿ. ಕೃಪಾಂಕ ಸೇರಿಯೂ ಶೇ 50.59. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಅಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ದಾಟುತ್ತಾರೆ, ಇಲ್ಲಿ ಹತ್ತರಲ್ಲಿ ನಾಲ್ವರು. ಬುದ್ಧಿಯೇನು ಕಡಲ ತೀರದಲ್ಲಿ ಮಾತ್ರ ಬೆಳೆಯುವ ಬೆಳೆಯೇ?

ಹಾಗಲ್ಲ ಎಂಬುದಕ್ಕೆ 2024ರಲ್ಲೇ ಉತ್ತರ ಸಿಕ್ಕಿತ್ತು. ಆ ವರ್ಷ 625ಕ್ಕೆ 625 ಪಡೆದದ್ದು ಇಡೀ ರಾಜ್ಯದಲ್ಲಿ ಒಬ್ಬಳೇ ಹುಡುಗಿ. ಬಾಗಲಕೋಟೆ ಜಿಲ್ಲೆಯ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು, ರೈತನ ಮಗಳು. ಸರ್ಕಾರದ್ದೇ ಶಾಲೆ. ವಸತಿ ಶಾಲೆಗಳಿಗೆ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ನಡೆಸಿ ಆರಿಸಿಕೊಳ್ಳುತ್ತಾರೆ, ಹಾಗಾಗಿ ಇದನ್ನು ಎಲ್ಲ ಶಾಲೆಗಳಿಗೂ ಹೋಲಿಸಲಾಗದು ಎನ್ನಬಹುದು. ಒಪ್ಪೋಣ. ಆದರೆ ಅಲ್ಲಿ ಇನ್ನೂ ಮೂರು ಸಂಗತಿಗಳಿವೆ. ಹೊತ್ತಿಗೆ ಊಟ, ಓದಲು ಜಾಗ, ದಿನವೂ ಶಾಲೆ. ಈ ಮೂರನ್ನು ಕೊಟ್ಟರೆ ಉತ್ತರ ಕರ್ನಾಟಕದ ಹೊಲದ ಮನೆಯ ಹುಡುಗಿ ಎಲ್ಲಿಗೆ ಮುಟ್ಟುತ್ತಾಳೆ ಎಂದು ನಾಡು ನೋಡಿತು.

ಕಲಬುರಗಿ, ಯಾದಗಿರಿ, ರಾಯಚೂರುಗಳಲ್ಲಿ ಈ ಮೂರೂ ಕೈಗೆಟುಕದ ಮಕ್ಕಳು ಎಷ್ಟೋ ಇದ್ದಾರೆ. ಹತ್ತಿ ಬಿಡಿಸುವ ಕಾಲ, ತೊಗರಿ ರಾಶಿಯ ಕಾಲ ಎಲ್ಲ ಶಾಲೆಯ ನಡುಗಾಲದಲ್ಲೇ ಬರುತ್ತದೆ. ಕೈಗಳು ಬೇಕು, ಮಕ್ಕಳ ಕೈಯೂ ಸಾಲುತ್ತದೆ. ಸುಗ್ಗಿ ಮುಗಿದರೆ ಗುಳೆ. ಬೆಂಗಳೂರಿಗೋ ಮುಂಬೈಗೋ ಕಟ್ಟಡ ಕೆಲಸಕ್ಕೆ ಹೊರಟ ಅಪ್ಪ ಅಮ್ಮ ಮಗುವನ್ನು ಅಜ್ಜಿಯ ಹತ್ತಿರ ಬಿಡುತ್ತಾರೆ, ಇಲ್ಲವೇ ಜೊತೆಗೆ ಕರೆದೊಯ್ಯುತ್ತಾರೆ. ಶಾಲೆಯಲ್ಲಿ ಕಾಯಂ ಮೇಷ್ಟ್ರು ಇಲ್ಲದ ಕಡೆ ಅತಿಥಿ ಶಿಕ್ಷಕರು. ಹೆಸರೇ ಹೇಳುವಂತೆ ಅವರು ಅತಿಥಿಗಳು. ಪ್ರತಿ ವರ್ಷವೂ ಶಾಲೆ ಶುರುವಾದ ಮೇಲೆ ಬರಬೇಕು, ವರ್ಷ ಮುಗಿದೊಡನೆ ಹೊರಡಬೇಕು. ಸಂವಿಧಾನದ 371(ಜೆ) ವಿಧಿಗೆ ಸಂಸತ್ತು 2012ರಲ್ಲಿ ಒಪ್ಪಿಗೆ ಕೊಟ್ಟು, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಬಂತು. ಕಾಲೇಜು ಸೀಟು, ಸರ್ಕಾರಿ ನೌಕರಿಗಳಲ್ಲಿ ಮೀಸಲು ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಹತ್ತನೆಯ ತರಗತಿಯನ್ನೇ ದಾಟದ ಮಗುವಿಗೆ ಮೆಡಿಕಲ್ ಸೀಟಿನ ಮೀಸಲು ಎಂದರೆ ಮಹಡಿಗೆ ಏಣಿ ಇಟ್ಟು ಕೆಳಗಿನ ಮೆಟ್ಟಿಲುಗಳನ್ನೇ ಬಡಿಯದೆ ಬಿಟ್ಟಂತೆ.

ಕೆಳಗಿನ ಮೆಟ್ಟಿಲುಗಳೆಂದರೆ ಪ್ರಾಥಮಿಕ ಶಾಲೆ. ‘ಅಸರ್’ ಎಂಬ ಸಮೀಕ್ಷೆಯನ್ನು ಪ್ರಥಮ್ ಸಂಸ್ಥೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡುತ್ತಾರೆ. ಮಗುವಿನ ಕೈಗೆ ಒಂದು ಸಣ್ಣ ಪಾಠ ಕೊಟ್ಟು ಓದು ಎನ್ನುತ್ತಾರೆ, ಅಷ್ಟೇ. 2024ರ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇ 48.8. ಅರ್ಧಕ್ಕೂ ಕಡಿಮೆ. ಇದು ಇಡೀ ದೇಶದ ಲೆಕ್ಕ. ಐದರಲ್ಲಿ ಎರಡನೆಯ ತರಗತಿಯ ಪಾಠ ಓದಲಾರದ ಮಗು ಎಂಟರಲ್ಲಿ ಏನು ಓದೀತು? ಅದನ್ನು ಹತ್ತರಲ್ಲಿ ಕೂರಿಸಿ ಮೇಲೊಂದು ಕ್ಯಾಮೆರಾ ಇಟ್ಟರೆ ಕಾಣುವುದು ಖಾಲಿ ಹಾಳೆಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತೇವೆ. ಗಿಡಕ್ಕೆ ನೀರೇ ಹಾಕದೆ ಮರವನ್ನು ಬೈಯುವುದು ಇನ್ನೂ ವಿಚಿತ್ರ.

ಈ ಖಾಲಿತನ ಬೇಗ ಗೊತ್ತಾಗಲಿ ಎಂದು ಕೆಳಗಿನ ತರಗತಿಗಳಿಗೂ ಬೋರ್ಡ್ ಪರೀಕ್ಷೆ ತರಲು ಹೋದದ್ದೂ ಉಂಟು. ಅದರ ಗತಿ ಏನಾಯಿತು? 2024ರ ಮಾರ್ಚ್‌ನಲ್ಲಿ 5, 8, 9 ಮತ್ತು 11ನೇ ತರಗತಿಗಳ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಪರೀಕ್ಷೆ ಶುರುವಾಗಿ ಎರಡು ದಿನಕ್ಕೆ ಸುಪ್ರೀಂ ಕೋರ್ಟು ಅಡ್ಡ ಬಂತು. ಪರೀಕ್ಷೆ ಅರ್ಧಕ್ಕೆ ನಿಂತು, ವಿಭಾಗೀಯ ಪೀಠ ಒಪ್ಪಿದ ಮೇಲೆ ಮತ್ತೆ ನಡೆದು, ಕೊನೆಗೆ ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನ ತಡೆ. ಹತ್ತು ವರ್ಷದ ಮಗು ಇವತ್ತು ಪರೀಕ್ಷೆ ಇದೆಯೋ ಇಲ್ಲವೋ ಎಂದು ಟಿವಿ ನೋಡಿ ತಿಳಿಯಬೇಕಾಯಿತು. ಇದರಲ್ಲಿ ಗೆದ್ದವರು ಯಾರೋ ನನಗೆ ಕಾಣಲಿಲ್ಲ. ಮಗು ಓದಬಲ್ಲದೇ ಎಂದು ತಿಳಿಯಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕೆ? ಒಂದು ಪುಸ್ತಕ, ಒಬ್ಬ ಮೇಷ್ಟ್ರು, ಐದು ನಿಮಿಷ ಸಾಕಲ್ಲವೇ?

*

ಸರ್ಕಾರಗಳು ಬರುತ್ತವೆ, ಹೋಗುತ್ತವೆ. ಶೇಕಡಾ ತೊಂಬತ್ತೊಂಬತ್ತಕ್ಕೆ ಬೀಗಿದವರು ಒಂದು ಪಕ್ಷದವರು, ಕೃಪಾಂಕ ಕೊಟ್ಟವರು ಇನ್ನೊಂದು ಪಕ್ಷದವರು. ಅಂಕಿಯ ಮೋಹದಲ್ಲಿ ಪಕ್ಷಭೇದವಿಲ್ಲ. ಆದ್ದರಿಂದ ನನ್ನ ಕೊನೆಯ ಮಾತುಗಳು ಅವರಿಗಲ್ಲ, ಈ ಪುಟ ಓದುವ ತಂದೆತಾಯಿಗಳಿಗೆ ಮತ್ತು ಮಕ್ಕಳಿಗೆ.

ತಂದೆತಾಯಿಗಳೇ, ನಿಮ್ಮ ಮಗು ಮೂರನೆಯ ತರಗತಿಯಲ್ಲಿದ್ದರೆ ಇವತ್ತು ಸಂಜೆ ಈ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಮಗು ಸರಾಗವಾಗಿ ಓದುತ್ತಿದೆಯೋ ತಡವರಿಸುತ್ತಿದೆಯೋ ಎಂಬುದು ಕಿವಿಗೆ ತಿಳಿಯುತ್ತದೆ. ತಡವರಿಸಿದರೆ ಹೊಡೆಯಬೇಡಿ. ಮರುದಿನ ಶಾಲೆಗೆ ಹೋಗಿ ಮೇಷ್ಟ್ರನ್ನು ಕೇಳಿ. ಸರಿಪಡಿಸಲು ಇನ್ನೂ ಏಳು ವರ್ಷ ಇದೆ. ಹತ್ತನೆಯ ತರಗತಿಯ ಜನವರಿಯಲ್ಲಿ ಗೊತ್ತಾದರೆ ಪಾಸಿಂಗ್ ಪ್ಯಾಕೇಜೇ ಗತಿ.

ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂದಿದೆ. ಅದರಲ್ಲಿ ಕೂರುವವರು ನಿಮ್ಮಂಥ ಪಾಲಕರೇ. ಧ್ವಜಾರೋಹಣಕ್ಕೆ, ಬಾಳೆಹಣ್ಣು ಹಂಚುವುದಕ್ಕೆ ಮಾತ್ರ ಅದು ಹುಟ್ಟಿದ್ದಲ್ಲ. ನಮ್ಮ ಶಾಲೆಯಲ್ಲಿ ಗಣಿತಕ್ಕೆ, ಇಂಗ್ಲಿಷಿಗೆ ಮೇಷ್ಟ್ರು ಇದ್ದಾರೆಯೇ ಎಂದು ಜೂನ್ ತಿಂಗಳಲ್ಲಿ ಕೇಳಿ. ಮೇ ತಿಂಗಳಲ್ಲಿ ಕೇಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅಂಕಪಟ್ಟಿ ಕೈಗೆ ಬಂದಾಗ ಒಟ್ಟು ಅಂಕ ನೋಡಿ ಮಡಚಿಡಬೇಡಿ. ಮಗು ಬರೆದು ಗಳಿಸಿದ್ದೆಷ್ಟು, ಶಾಲೆ ಹಾಕಿದ್ದೆಷ್ಟು ಎಂದು ಬೇರೆ ಬೇರೆಯಾಗಿ ನೋಡಿ. ನಿಮ್ಮ ಮಗುವಿನ ನಿಜವಾದ ಅಳತೆ ಮೊದಲನೆಯದರಲ್ಲಿದೆ.

ಇನ್ನು ಮಕ್ಕಳೇ, ಫೇಲಾದರೆ ಫೇಲಾದಿರಿ. ಆ ಅಂಕಪಟ್ಟಿಯಲ್ಲಿ ನಿಮ್ಮ ಹೆಸರಿದೆ, ನಿಜ. ಆದರೆ ಅದರಲ್ಲಿ ಬಾರದ ಮೇಷ್ಟ್ರು, ಇಲ್ಲದ ಬಸ್ಸು, ಹತ್ತಿ ಬಿಡಿಸಲು ಹೋದ ದಿನಗಳು ಎಲ್ಲವೂ ಸೇರಿವೆ. ಅದನ್ನೆಲ್ಲ ನಿಮ್ಮೊಬ್ಬರ ತಲೆಯ ಮೇಲೆ ಹೊತ್ತುಕೊಂಡು ಕೆಟ್ಟ ಯೋಚನೆ ಮಾಡಬೇಡಿ. ಮನಸ್ಸಿಗೆ ತಡೆಯಲಾಗದಷ್ಟು ಭಾರ ಅನ್ನಿಸಿದರೆ ಮನೆಯಲ್ಲಿ ಯಾರಿಗಾದರೂ, ಇಲ್ಲವೇ ನಿಮಗೆ ಹಿಡಿಸುವ ಮೇಷ್ಟ್ರಿಗೆ ಅವತ್ತೇ ಹೇಳಿ. ಆಮೇಲೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ. ಎಲ್ಲಿ ತಪ್ಪಿತು ನೋಡಿ, ಮುಂದಿನ ಪರೀಕ್ಷೆಗೆ ಕುಳಿತುಕೊಳ್ಳಿ. ನೀವೇ ಬರೆದು ಗಳಿಸಿದ ಮೂವತ್ತೈದು ಯಾರೋ ಕೊಟ್ಟ ಐವತ್ತಕ್ಕಿಂತ ದೊಡ್ಡದು. ಅದನ್ನು ಯಾವ ಕ್ಯಾಮೆರಾದ ಮುಂದೆಯೂ ಮತ್ತೆ ಬರೆಯಬಲ್ಲಿರಿ.

ಮುಂದೆ ಯಾವುದಾದರೂ ವರ್ಷ ಫಲಿತಾಂಶ ಇದ್ದಕ್ಕಿದ್ದಂತೆ ಹತ್ತು ಹದಿನೈದು ಅಂಶ ಏರಿತು ಎಂದು ಸುದ್ದಿ ಬಂದರೆ ಕುಣಿಯುವ ಮೊದಲು ಒಂದು ಪ್ರಶ್ನೆ ಕೇಳಿ. ಬೆಳೆ ಹೆಚ್ಚು ಬಂತೇ, ಕೊಳಗ ಬದಲಾಯಿತೇ?